ಸತ್ತವರು ಮಾತಾಡಂಗಿಲ್ಲ

ಹೊಸ ಬಂದೂಕಿನ ಗೇಮ್ ಬಂದಿದೆ, ಗುಂಡು ಹಾರಿದಾಗ ಏಳುವ ಹೊಗೆ ಥೇಟ್ ನಿಜವಾದ ಹೊಗೆಯಂತೆಯೇ ಕಾಣುತ್ತದೆ ಎಂದು ಯಾರಾದರೂ ನನ್ನೆದುರು ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೊಗೆ ನೋಡಬೇಕೆಂದರೆ ಊರ ಹೊರಗಿನ ಇಟ್ಟಂಗಿ ಭಟ್ಟಿಯ ಮುಂದೆ ಹೋಗಿ ನಿಲ್ಲುತ್ತೇನೆ, ಅದಕ್ಕೆ ಕಂಪ್ಯೂಟರ್ ಯಾಕೆ ಬೇಕು? ನಾನು ಆಡುವುದು ಒಂದೇ ಒಂದು ಗೇಮ್. ಅದು ನಮ್ಮ ಸಿಂದಗಿಗೆ ಬಂದು ಮುಟ್ಟಿದಾಗಲೇ ಹಳೆಯದಾಗಿತ್ತು. ದೊಡ್ಡ ಊರಿನವರು ಆಡಿ ಆಡಿ ಬೇಸತ್ತು ಕೈಬಿಟ್ಟ ಮೇಲೆ ನಮ್ಮ ಪಾಲಿಗೆ ಬಂದದ್ದು. ಅದರೊಳಗಿನ ಮನುಷ್ಯರ ಮುಖ ಚೌಕ, ಕೈ ಚೌಕ, ಗುಂಡು ಬಿದ್ದರೆ ಕಾಲು ಮುರಿದ ಮಂಚದ ಹಾಗೆ ಉರುಳುತ್ತಾರೆ. ಆದರೂ ಅದನ್ನು ಬಿಟ್ಟು ಬೇರೆಯದಕ್ಕೆ ಕೈ ಹಚ್ಚಲು ನನಗೆ ಮನಸ್ಸಿಲ್ಲ. ಯಾಕೆ ಅಂತ ಕೇಳಿದರೆ ನಿಂತ ಕಾಲ ಮೇಲೆ ಹೇಳಲು ಬರುವುದಿಲ್ಲ, ಕೂತು ಕೇಳಬೇಕು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬಸ್ ಸ್ಟ್ಯಾಂಡಿನ ಹತ್ತಿರ, ಬೀಜ-ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕಂಪ್ಯೂಟರ್ ಕಲಿಸುವ ಸೆಂಟರ್ ಇತ್ತು. ಮೊದಲು ಅದು ಟೈಪಿಂಗ್ ಕ್ಲಾಸ್. ಟೈಪ್‌ರೈಟರುಗಳನ್ನು ಮೂಲೆಗೆ ಒಟ್ಟಿ, ಅವೇ ಮೇಜುಗಳ ಮೇಲೆ ಎಂಟು ಕಂಪ್ಯೂಟರ್ ಇಟ್ಟು, ಒಂದಕ್ಕೊಂದು ವೈರು ಜೋಡಿಸಿ ನಡೆಸುತ್ತಿದ್ದವರು ಅದೇ ಟೈಪಿಂಗ್ ಸರ್. ಐವತ್ತು ದಾಟಿದ ಮನುಷ್ಯ, ಬೋಳುತಲೆ, ಧ್ವನಿ ಮಾತ್ರ ಕೆಳಗೆ ಚೀಲ ಇಳಿಸುವ ಹಮಾಲರಿಗೂ ಕೇಳಬೇಕು. "ಬೆನ್ನ ನೆಟ್ಟಗ! ಹತ್ತೂ ಬೆರಳ ಕೆಲಸ ಮಾಡ್ಬೇಕು! ಎರಡ ಬೆರಳಿಂದ ಕೋಳಿ ಕಾಳ ಕುಕ್ಕಿದಂಗ ಕುಕ್ಕಬ್ಯಾಡ್ರಿ!" ಗೊಬ್ಬರದ ಘಾಟು ಮೆಟ್ಟಿಲು ಹತ್ತಿ ಬರುತ್ತಿತ್ತು. ಇವತ್ತಿಗೂ ಯೂರಿಯಾದ ವಾಸನೆ ಬಂದರೆ ನನ್ನ ಎಡಗೈ ತಾನಾಗಿ ಕೀಲಿಮಣೆಗೆ ತಡಕಾಡುತ್ತದೆ.

ಗೇಮಿನ ಸಿ.ಡಿ. ತಂದವನು ಟೇಲರ್ ಅಂಗಡಿಯವರ ಮಗ. ಹೈಸ್ಕೂಲಿನಿಂದ ನನ್ನ ಗೆಳೆಯ, ಈದ್ ದಿನ ನಮ್ಮ ಗುಂಪಿಗೆಲ್ಲ ಸುರಕುಂಬಾ ಪಾಯಸ ಅವರ ಮನೆಯಲ್ಲೇ. ವಿಜಾಪುರಕ್ಕೆ ಅಸ್ತರು, ಗುಂಡಿ ತರಲು ಹೋದವನು ಯಾರ ಬಳಿಯೋ ಅದನ್ನು ಕಾಪಿ ಮಾಡಿಸಿಕೊಂಡು ಬಂದಿದ್ದ. ಸಿಕ್ಕಿಬಿದ್ದರೆ ಇರಲಿ ಎಂದು ಮೇಲೆ ಸ್ಕೆಚ್ ಪೆನ್ನಿನಲ್ಲಿ "ಟೈಪಿಂಗ್ ಪಾಠ, ಭಾಗ ಎರಡು" ಅಂತ ಬರೆದಿದ್ದ. ಸಿಕ್ಕಿಯೂ ಬಿದ್ದೆವು, ಮೂರನೆಯ ದಿನಕ್ಕೇ. ಸರ್ ಬಾಗಿಲಲ್ಲಿ ನಿಂತಿದ್ದಾರೆ, ನಾವು ಆರು ಜನ ಗೋಡೆಯ ಹಲ್ಲಿಯ ಹಾಗೆ ಅಂಟಿಕೊಂಡಿದ್ದೇವೆ. ಇನ್ನು ಬಂತು ನಮ್ಮ ಶನಿ ಅಂದುಕೊಂಡೆವು. ಅವರು ನನ್ನ ಹಿಂದೆ ಬಂದು ನಿಂತು, ಬಹಳ ಹೊತ್ತು ನೋಡಿ, "ಇದರಾಗ ಎಡಗೈ ಬೆರಳ ಛಲೋ ಓಡಾಕತ್ತಾವಲ್ಲೋ" ಅಂದರು. ಅಷ್ಟೇ. ಮರುದಿನದಿಂದ ಸಂಜೆ ಕ್ಲಾಸು ಮುಗಿದ ಮೇಲೆ ಒಂದು ತಾಸು ಗೇಮಿಗೆ ಅಂತ ಅವರೇ ಹೇಳಿಬಿಟ್ಟರು. ವಾರ ಕಳೆಯುವುದರೊಳಗೆ, "ಸರೀರಿ ಸ್ವಲ್ಪ, ನಾನೂ ಒಂದ ಕೈ ನೋಡ್ತೇನಿ" ಎಂದು ಕುರ್ಚಿ ಎಳೆದುಕೊಂಡು ಕೂತರು.

ಅಲ್ಲಿಗೆ ನಮ್ಮ ಗ್ರಹಚಾರ ಶುರುವಾಯಿತು. ಕಲಿಸಿದ ಗುರುವಿಗೆ ಗುಂಡು ಹೊಡೆಯುವುದು ಹೇಗೆ? ಎದುರಿಗೆ ಸರ್ ಬಂದರೆ ಕೈ ತಡೆಯುತ್ತಿತ್ತು. ಯಂಕಂಚಿಯಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದ ಒಬ್ಬ ಹುಡುಗನಿದ್ದ, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅವನು ಸರ್ ಹಿಂದೆ ಸದ್ದಿಲ್ಲದೆ ಹೋಗಿ ನಿಂತು, "ಸರ್ರೀ, ಹೊಡೀತೇನ್ರಿ" ಎಂದು ಅಪ್ಪಣೆ ಕೇಳುತ್ತಿದ್ದ. ಸರ್ ಗಿರ್ರನೆ ತಿರುಗಿ ಅವನನ್ನೇ ಹೊಡೆದು, "ತಡಾ ಮಾಡಿದ್ಯಲ್ಲೋ ತಮ್ಮಾ" ಎಂದು ಹೊಟ್ಟೆ ಕುಣಿಸಿಕೊಂಡು ನಗುತ್ತಿದ್ದರು. ಹೀಗಾಗಿ ನಮ್ಮ ಸೆಂಟರಿನಲ್ಲಿ ಹಲವು ದಿನ ಸರ್ ಅವರೇ ಎಲ್ಲರಿಗಿಂತ ದೊಡ್ಡ ಬಂದೂಕುಗಾರ.

ಆ ಗೇಮಿನಲ್ಲಿ ನಾವು ಆಡುತ್ತಿದ್ದದ್ದು ಒಂದೇ ಜಾಗ. ಸುಡುಬಿಸಿಲು, ಮಣ್ಣಿನ ಬಣ್ಣದ ಗೋಡೆಗಳು, ಚಪ್ಪಟೆ ಮಾಳಿಗೆಯ ಮನೆಗಳು, ಇಕ್ಕಟ್ಟು ಸಂದಿಗಳು, ನಡುವೆ ಎರಡು ಕದದ ದೊಡ್ಡ ಕಟ್ಟಿಗೆ ಬಾಗಿಲು. ಯಾವ ದೇಶದವನು ಮಾಡಿದ್ದೋ ಏನೋ, ನೋಡಿದ ಕೂಡಲೇ ನಮ್ಮ ಕಡೆಯ ಹಳೇ ಓಣಿ ಅನ್ನಿಸಿಬಿಟ್ಟಿತು. ದೊಡ್ಡ ಬಾಗಿಲಿಗೆ ಅಗಸಿ ಅಂತ ಹೆಸರಿಟ್ಟೆವು, ಹಳ್ಳಿ ಹೊಗುವಲ್ಲಿ ಇರುವ ಕಲ್ಲಿನ ಹೆಬ್ಬಾಗಿಲ ಹಾಗೆಯೇ ಇತ್ತು. ಎತ್ತರದ ಜಾಗ ಮಾಳಿಗಿ, ಕತ್ತಲ ದಾರಿ ಸಂದಿ. ಆಡುವಾಗ ಕಿವಿ ಹರಿಯುವಂತೆ ಒದರಾಟ: "ಅಗಸ್ಯಾಗ ಇಬ್ರು!" "ಮಾಳಿಗಿ ಮ್ಯಾಲ ಒಬ್ಬಾಂವ!" ಕೆಳಗಿನ ಅಂಗಡಿಗೆ ಬಂದ ರೈತರು, ಮೇಲೆ ಏನು ಕಳ್ಳರು ಹೊಕ್ಕಾರೇನು ಅಂತ ಗಾಬರಿಯಿಂದ ಕೇಳಿದ್ದೂ ಉಂಟು.

ಮುಂದೆ ಸರ್ ಎರಡು ಹೊಸ ಕಂಪ್ಯೂಟರ್ ತಂದರು, ಹೊಸ ಗೇಮುಗಳೂ ಬಂದವು. ಎಲೆ ಅಲುಗುವುದು ಕಾಣುತ್ತದೆ, ನೀರಿನಲ್ಲಿ ನೆರಳು ಬೀಳುತ್ತದೆ. ಒಂದು ವಾರ ಹಾ ಹಾ ಅಂದೆವು. ಎಂಟನೆಯ ದಿನ ನೋಡಿದರೆ ಹೊಸ ಯಂತ್ರಗಳು ಖಾಲಿ, ಎಲ್ಲರೂ ಮತ್ತೆ ಹಳೆಯ ಡಬ್ಬಿಗಳ ಮುಂದೆ. ಹೊಸದರಲ್ಲಿ ಒಬ್ಬೊಬ್ಬನೇ ಕೂತು ಗೊತ್ತಿಲ್ಲದವರನ್ನು ಕೊಲ್ಲಬೇಕು, ಅದರಲ್ಲೇನು ಮಜಾ? ಹಳೆಯದರಲ್ಲಿ ಗುಂಡು ತಿಂದವನು ಪಕ್ಕದ ಕುರ್ಚಿಯಲ್ಲೇ ಇರುತ್ತಾನೆ. ಅವನು "ಅಯ್ಯಯ್ಯೋ" ಅನ್ನುವುದು ಕಿವಿಗೆ ಬೀಳಬೇಕು, ಅವನ ಮುಖ ಹುಳ್ಳಗಾಗುವುದು ಕಣ್ಣಿಗೆ ಕಾಣಬೇಕು. ಸರ್ ಒಮ್ಮೆ ಕಾಲು ಮೇಲೆ ಕಾಲು ಹಾಕಿಕೊಂಡು ಹೇಳಿದ್ದು ನೆನಪಿದೆ: "ಗೇಮ್ ಹಳೇದಲೇ, ಖರೇ. ಆದ್ರ ಅಗಸಿ ಹಿಂದ ನಿಂತಾಂವ ಇವತ್ತ ಏನ ಮಾಡ್ತಾನಂತ ನಿನಗ ಗೊತ್ತೇನು? ಅವಗನ ಗೊತ್ತಿಲ್ಲ!"

ಸರ್ ಒಂದು ಕಾನೂನು ಮಾಡಿದ್ದರು, ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೇ ಇಟ್ಟಿದ್ದರು: ಸತ್ತವರು ಮಾತಾಡಂಗಿಲ್ಲ. ಆ ಗೇಮಿನಲ್ಲಿ ಸತ್ತವನಿಗೆ ಎಲ್ಲ ಕಾಣುತ್ತದೆ. ಯಾರು ಎಲ್ಲಿ ಅಡಗಿದ್ದಾರೆ, ಯಾರು ಯಾರ ಬೆನ್ನ ಹಿಂದೆ ಬರುತ್ತಿದ್ದಾರೆ, ಎಲ್ಲವೂ. ಒಂದೇ ಕೋಣೆಯಲ್ಲಿ ಕೂತು ಆಡುವಾಗ ಸತ್ತವನು ಬಾಯಿ ಬಿಟ್ಟರೆ ಆಟವೇ ಕೆಟ್ಟಿತು. ಆದ್ದರಿಂದ ಸತ್ತ ಕೂಡಲೇ ಕೈಕಟ್ಟಿಕೊಂಡು, ತುಟಿ ಹೊಲಿದುಕೊಂಡು ಕೂಡಬೇಕು. ಸತ್ತವನು ಒಂದು ಶಬ್ದ ಆಡಿದರೂ ಆ ಆಟ ಎದುರಿನವರ ಪಾಲು. ಸಿಂದಗಿಯಲ್ಲಿ ಹುಟ್ಟಿದವನಿಗೆ ಸುಮ್ಮನೆ ಕೂತುಕೊ ಅನ್ನುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ, ಅದರಲ್ಲೂ ನನ್ನಂಥ ಬಾಯಿಬಡುಕನಿಗೆ.

ಇನ್ನು ನನ್ನ ಕಾಕಾನ, ಅಂದರೆ ಅಪ್ಪನ ತಮ್ಮನ, ಮಗನ ವಿಷಯ ಹೇಳಬೇಕು. ಇಷ್ಟೆಲ್ಲ ಹೇಳಿದ್ದು ಅವನ ಸಲುವಾಗಿಯೇ.

ಅವನು ನನಗಿಂತ ನಾಲ್ಕು ತಿಂಗಳು ಚಿಕ್ಕವನು. ಒಂದೇ ಮನೆಯಲ್ಲಿ ಹುಟ್ಟಿ, ಒಂದೇ ತೊಟ್ಟಿಲಲ್ಲಿ ಸರದಿಯ ಮೇಲೆ ಮಲಗಿ, ಒಂದೇ ಬೆಂಚಿನಲ್ಲಿ ಕೂತು ಬೆಳೆದವರು ನಾವು. ನಾನು ಅವನಿಗೆ ತಮ್ಮಾ ಅನ್ನುತ್ತಿದ್ದೆ, ಅವನು ನಾಲ್ಕು ತಿಂಗಳ ಮರ್ಯಾದೆ ಕೊಟ್ಟು ಅಣ್ಣಾ ಅನ್ನುತ್ತಿದ್ದ. ನಾವು ಪಿಯುಸಿಯಲ್ಲಿದ್ದಾಗ ಅಪ್ಪ ಮತ್ತು ಕಾಕಾ ಪಾಲಾದರು. ಹೊಲ ಸರಿಯಾಗಿ ಹಂಚಿಕೆಯಾಯಿತು, ಎತ್ತು ಎಮ್ಮೆಯೂ ಸರಿಯಾಗಿ ಹಂಚಿಕೆಯಾದವು. ಜಗಳ ಬಿದ್ದದ್ದು ಅಂಗಳದ ಹಗೇವಿನ ಮೇಲೆ. ಹಗೇವು ಅಂದರೆ ಜೋಳ ತುಂಬಿಡಲು ಹಿಂದಿನವರು ನೆಲದೊಳಗೆ ತೋಡಿದ ಕುಣಿ. ಅದರಲ್ಲಿ ಹತ್ತು ವರ್ಷದಿಂದ ಒಂದು ಕಾಳೂ ಇರಲಿಲ್ಲ, ಇದ್ದದ್ದು ಚೇಳು ಮಾತ್ರ. ಆದರೂ ನನಗೆ ಬೇಕು, ನನಗೆ ಬೇಕು ಅಂತ ಇಬ್ಬರೂ ಹಟ ಹಿಡಿದು, ಕಡೆಗೆ ಅದರ ಬಾಯಿಯ ಮೇಲೆಯೇ ಗೋಡೆ ಎಬ್ಬಿಸಿದರು. ಇಬ್ಬರಿಗೂ ಸಿಗಲಿಲ್ಲ, ಚೇಳಿಗೆ ಆರಾಮಾಯಿತು.

ಗೋಡೆ ಏಳುವ ದಿನ ನಾನು ಈ ಕಡೆಯಿಂದ ಕಲ್ಲು ಕೊಡುತ್ತಿದ್ದೆ, ಅವನು ಆ ಕಡೆಯಿಂದ. ಅವನು ನನ್ನನ್ನು ನೋಡಿ ನಗಲು ಬಂದ. ನಾನೋ, ಅಪ್ಪನ ಸಿಟ್ಟನ್ನೆಲ್ಲ ಸಾಲ ತಂದವನ ಹಾಗೆ ತಲೆ ಮೇಲೆ ಹೊತ್ತು ನಿಂತಿದ್ದೆ. "ಏನ ಹಲ್ಲ ಕಿಸೀತಿ? ನೀನೂ ನಿಮ್ಮಪ್ಪನಂಗ ಕಳ್ಳ" ಅಂದುಬಿಟ್ಟೆ. ಅವನ ನಗು ಅಲ್ಲೇ ನಿಂತಿತು. ಅಂದಿನಿಂದ ಮಾತು ಬಿಟ್ಟ. ತಪ್ಪು ನನ್ನದು, ಪೂರಾ ನನ್ನದು, ಅದು ನನಗೆ ಆ ರಾತ್ರಿಯೇ ತಿಳಿದಿತ್ತು.

ನಮ್ಮ ಕಡೆ ಮಾತು ಬಿಡುವುದಕ್ಕೂ ಒಂದು ಪದ್ಧತಿ ಉಂಟು. ಮಾತು ಬಿಟ್ಟವರು ಸುಮ್ಮನಿರುವುದಿಲ್ಲ, ಮೂರನೆಯವರ ಜೊತೆ ಮಾತಾಡಿ ಇವರಿಗೆ ಕೇಳಿಸುತ್ತಾರೆ. ಮೂರನೆಯವರು ಇಲ್ಲದಿದ್ದರೆ ಎಮ್ಮೆಯಾದರೂ ಆದೀತು. ಗೋಡೆಯಾಚೆಯಿಂದ ಕಾಕಾನ ಹೆಂಡತಿ ಕಾಕು ತನ್ನ ಎಮ್ಮೆಗೆ, "ಬಚ್ಚಲ ನೀರ ನಮ್ಮ ಬಾಗಿಲಿಗೆ ಬಿಡೋರಿಗೆ ಕಣ್ಣ ಕುಡ್ಡೇನು, ಹೇಳ ನೀನ" ಅನ್ನುವಳು. ಈ ಕಡೆಯಿಂದ ಅವ್ವ ನಮ್ಮ ಎಮ್ಮೆಗೆ ಅದಕ್ಕೆ ತಕ್ಕ ಉತ್ತರ ಕೊಡುವಳು. ಎರಡು ವರ್ಷದಲ್ಲಿ ಆ ಎಮ್ಮೆಗಳಷ್ಟು ಲೋಕಜ್ಞಾನ ಉಳ್ಳವರು ಓಣಿಯಲ್ಲಿ ಯಾರೂ ಇರಲಿಲ್ಲ. ಆದರೆ ನೇರ ಮಾತು ಮೊದಲು ಯಾರು ಆಡುತ್ತಾರೋ ಅವರು ಸೋತಂತೆ. ನನಗೆ ಅವನು ಬೇಕಾಗಿದ್ದ. ಬೆಳಿಗ್ಗೆ ಅವನು ಹಲ್ಲುಜ್ಜುತ್ತ ಕೆಮ್ಮಿದರೆ ಗೋಡೆಯ ಈ ಕಡೆ ನಾನು ಕೆಲಸ ನಿಲ್ಲಿಸಿ ಕೇಳುತ್ತಿದ್ದೆ. ಆದರೂ ಮೊದಲು ನಾನ್ಯಾಕೆ ಮಾತಾಡಲಿ ಎಂಬ ಸೊಕ್ಕು.

ಸೆಂಟರಿಗೆ ಅವನೂ ಬರತೊಡಗಿದ. ಇಬ್ಬರೂ ಎದುರುಬದುರು ಪಾರ್ಟಿ ಸೇರುತ್ತಿದ್ದೆವು. ನಾನು ಹತ್ತು ಜನರನ್ನು ಬಿಟ್ಟು ಅವನನ್ನೇ ಹುಡುಕಿಕೊಂಡು ಹೋಗುತ್ತಿದ್ದೆ, ಅವನೂ ಹಾಗೆಯೇ. ದಿನಕ್ಕೆ ಒಂದು ತಾಸು, ಗುಂಡು ಹೊಡೆಯುವ ನೆಪದಲ್ಲಾದರೂ ಅವನ ಎದುರು ನಿಲ್ಲುತ್ತಿದ್ದೆನಲ್ಲ, ಅದೇ ನನಗೆ ಹಬ್ಬ. ಗೇಮ್ ಹಳೆಯದಾಯಿತು ಅಂತ ನನಗೆ ಒಂದು ದಿನವೂ ಅನ್ನಿಸದೆ ಇದ್ದದ್ದಕ್ಕೆ ಇದೇ ಕಾರಣ, ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಪರೀಕ್ಷೆಯ ಕೆಲಸಕ್ಕೆ ವಿಜಾಪುರದಲ್ಲಿ ಕೂಡಿದಾಗ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸೆಂಟರುಗಳ ಸರ್‌ಗಳು ಮತ್ತು ನಮ್ಮ ಸರ್ ಚಹಾ ಕುಡಿಯುತ್ತ ಬಡಾಯಿ ಕೊಚ್ಚಿಕೊಂಡರಂತೆ. ನಾಲ್ಕೂ ಕಡೆ ಅದೇ ಗೇಮು, ನಾಲ್ಕೂ ಕಡೆ ನಮ್ಮ ಹುಡುಗರೇ ಹುಲಿಗಳು. ಹಾಗಾದರೆ ನೋಡೇಬಿಡೋಣ ಎಂದು ಒಂದು ಭಾನುವಾರ ಮುದ್ದೇಬಿಹಾಳದಲ್ಲಿ ಪಂದ್ಯ ಗೊತ್ತಾಯಿತು. ಕರೆಂಟ್ ಹೋದರೂ ಎಲ್ಲ ಯಂತ್ರ ನಡೆಯುವಷ್ಟು ಬ್ಯಾಟರಿ ಇದ್ದದ್ದು ಅವರಲ್ಲಿ ಮಾತ್ರ. ಒಂದು ಪಾರ್ಟಿಗೆ ನಾಲ್ವರು, ಸತ್ತವರು ಮಾತಾಡಬಾರದೆಂಬ ನಮ್ಮ ಸರ್ ಕಾನೂನೇ ಅಲ್ಲಿಯೂ. ನಮ್ಮ ಸರ್ ಹಲಗೆಯ ಮೇಲೆ ಬರೆದರು: ನಾನು, ಕಾಕಾನ ಮಗ, ಟೇಲರ್ ಮಗ, ಯಂಕಂಚಿಯವನು.

ನಾನು ಎದ್ದು ನಿಂತೆ. "ಸರ್ರಿ, ನಾವಿಬ್ರೂ ಒಂದ ಪಾರ್ಟ್ಯಾಗ ಆಗೂದಿಲ್ರಿ."

"ಯಾಕಾಗೂದಿಲ್ಲ?"

"ಮಾತ ಬಿಟ್ಟೇವ್ರಿ."

"ಮಾತ ಬಿಟ್ಟಿದ್ರ ಬಿಡ್ರಿ. ಗುಂಡ ಬಿಟ್ಟಿಲ್ಲಲ್ಲ? ಕೂಡ್ರಿ ಸುಮ್ನ."

ಒಂದು ತಿಂಗಳ ತಾಲೀಮು ನಡೆಯಿತು, ಏನು ಹೇಳಲಿ ಆ ಫಜೀತಿ. ಟೇಲರ್ ಮಗ ನಮ್ಮಿಬ್ಬರ ನಡುವೆ ಕೂಡುತ್ತಿದ್ದ. ನಾನು ಅವನಿಗೆ, "ಅವಗ ಹೇಳು, ಅಗಸ್ಯಾಗ ಇಬ್ರು ಅದಾರಂತ" ಅನ್ನುವೆ. ಅವನು ಆ ಕಡೆ ತಿರುಗಿ, "ಅಗಸ್ಯಾಗ ಇಬ್ರು ಅದಾರಂತೋ" ಅನ್ನುವನು. ಆ ಕಡೆಯಿಂದ, "ಅವಗ ಹೇಳು, ನನಗೂ ಕಣ್ಣ ಅದಾವಂತ." ಇಷ್ಟು ಟಪಾಲು ಹೋಗಿ ಬರುವುದರಲ್ಲಿ ಅಗಸಿಯ ಇಬ್ಬರು ಬಂದು ಮೂವರನ್ನೂ ಮಲಗಿಸಿ ಹೋಗಿರುತ್ತಿದ್ದರು. ಒಂದು ದಿನ ಟೇಲರ್ ಮಗ ಹೆಡ್‌ಫೋನ್ ಕಿತ್ತಿಟ್ಟು, "ಅರೇ, ಏನ್ರಲೇ ನಿಮ್ದು! ನಾ ಏನ ನಿಮ್ಮ ಮನಿ ಎಮ್ಮಿ ಏನು?" ಎಂದು ಒದರಿದ. ನನಗೆ ಫಕ್ಕನೆ ನಗು ಬಂತು. ಆ ಕಡೆ ಕುರ್ಚಿಯಿಂದಲೂ ನಗು ಕೇಳಿಸಿತು. ಇಬ್ಬರೂ ಒಟ್ಟಿಗೆ ನಕ್ಕೆವು ಎಂದು ಗೊತ್ತಾಗಿ ಇಬ್ಬರೂ ಒಟ್ಟಿಗೆ ನಿಲ್ಲಿಸಿದೆವು.

ಪಂದ್ಯದ ದಿನ ಬೆಳಿಗ್ಗೆ ಸರ್ ನಮ್ಮನ್ನು ಬಸ್ಸು ಹತ್ತಿಸಿಕೊಂಡು ಬಾಗೇವಾಡಿಗೆ ಹೋಗಿ, ಅಲ್ಲಿಂದ ಬಾಗೇವಾಡಿಯವರ ಜೊತೆಗೂಡಿ ಮುದ್ದೇಬಿಹಾಳ ಮುಟ್ಟಿಸಿದರು. ಇಂಡಿಯವರು ಮೊದಲೇ ಬಂದಿದ್ದರು. ಬರಿಗೈಯಲ್ಲಿ ಬರಬಾರದು ಎಂದು ತಮ್ಮೂರಿನ ಲಿಂಬೆಹಣ್ಣು ಒಂದು ಚೀಲ ತಂದು, ಶರಬತ್ತು ಮಾಡ್ರಿ ಅಂತ ಕೊಟ್ಟಿದ್ದರಂತೆ. ಅವರಲ್ಲೊಬ್ಬ ಕುಶಾಲಿಗೆ ತಮ್ಮ ನಾಲ್ಕು ಕಂಪ್ಯೂಟರುಗಳ ತಲೆಯ ಮೇಲೆ ಒಂದೊಂದು ಲಿಂಬೆಹಣ್ಣು ಇಟ್ಟಿದ್ದ. ಮುದ್ದೇಬಿಹಾಳದ ಹುಡುಗರು ಹೌಹಾರಿದರು. ಅವರ ಪಾರ್ಟಿಯಲ್ಲಿದ್ದ ನಾಲತವಾಡದವನೊಬ್ಬ, "ಮಾಟ ಮಾಡ್ಯಾರ್ರೀ ಸರ್ರ! ನಾ ಇವ್ರ ಕೂಡ ಆಡಂಗಿಲ್ಲ!" ಎಂದು ಕುರ್ಚಿ ಬಿಟ್ಟು ಎದ್ದುಬಿಟ್ಟ. ಅವರ ಸರ್ ಒಂದು ಹಣ್ಣು ತೆಗೆದುಕೊಂಡು ಎಲ್ಲರೆದುರಿಗೆ ಕೊಯ್ದು, ಉಪ್ಪು ಹಚ್ಚಿ ತಿಂದು, ಕಣ್ಣು ಮುಚ್ಚಿ ತೆರೆದು ತೋರಿಸಿದ ಮೇಲೆ ಆಟ ಶುರುವಾಯಿತು. ಆದರೂ ಆ ಹುಡುಗರ ಎದೆ ನಡುಗಿಬಿಟ್ಟಿತ್ತು, ಇಂಡಿಯವರ ಕೈಯಲ್ಲಿ ಸಪಾಟಾಗಿ ಸೋತರು.

ನಮಗೆ ಮೊದಲು ಬಾಗೇವಾಡಿಯವರು ಎದುರಾದರು. ಆಟದ ನಡುವೆ ಅವರಲ್ಲೊಬ್ಬ, "ಅಗಸಿ ನೋಡಲೇ, ಅಗಸಿ!" ಎಂದು ಕೂಗಿದ. ನಾವು ನಾಲ್ವರೂ ಬೆಚ್ಚಿ ತಲೆಯೆತ್ತಿದೆವು. ಆಮೇಲೆ ವಿಚಾರಿಸಿದರೆ ಇಂಡಿಯವರಿಗೂ ಅದು ಅಗಸಿಯೇ, ಮುದ್ದೇಬಿಹಾಳದವರಿಗೂ ಅಗಸಿಯೇ. ಯಾರೂ ಯಾರನ್ನೂ ಕೇಳಿರಲಿಲ್ಲ. ಅದೇಕೋ ನನಗೆ ಬಹಳ ಖುಷಿಯಾಯಿತು, ಅವರನ್ನು ಸೋಲಿಸುವಾಗ ಸ್ವಲ್ಪ ಪಾಪ ಅನ್ನಿಸಿತು. ಸೋಲಿಸಿದೆವು ಅನ್ನಿ.

ಕಡೆಯ ಪಂದ್ಯ ನಮಗೂ ಇಂಡಿಗೂ. ಹನ್ನೊಂದು ಆಟ, ಹೆಚ್ಚು ಗೆದ್ದವರಿಗೆ ಬಹುಮಾನದ ಕಪ್ಪು. ಯಾವುದೋ ಕ್ರಿಕೆಟ್ ಪಂದ್ಯದಲ್ಲಿ ಉಳಿದ ಕಪ್ಪು ಅದು, ಬ್ಯಾಟ್ ಹಿಡಿದವನ ಮೇಲೆ ಕಂಪ್ಯೂಟರಿನ ಚಿತ್ರ ಅಂಟಿಸಿದ್ದರು. ಇಂಡಿಯವರು ಭಾರಿ ಗಟ್ಟಿಗರು. ಟೇಲರ್ ಮಗ ಟಪಾಲು ಸಾಗಿಸಿ ಸಾಗಿಸಿ ಬೆವರಿಳಿಸಿದ. ಐದು ಅವರು, ಐದು ನಾವು. ಉಳಿದದ್ದು ಒಂದು.

ಆ ಒಂದರಲ್ಲಿ ನಾನು ಮೊದಲೇ ಸತ್ತೆ. ತಾಳ್ಮೆ ಎಂಬುದು ನನ್ನ ಜಾತಕದಲ್ಲೇ ಇಲ್ಲ, ಅಗಸಿ ತೆರೆದ ಕೂಡಲೇ ನುಗ್ಗಿದೆ, ಮಾಳಿಗೆಯಿಂದ ಒಂದೇ ಗುಂಡು. ಕೈಕಟ್ಟಿಕೊಂಡು ಕೂತೆ. ಟೇಲರ್ ಮಗ ಒಬ್ಬನನ್ನು ಹೊಡೆದು ಬಿದ್ದ. ಯಂಕಂಚಿಯವನು ಸದ್ದಿಲ್ಲದೆ ಇಬ್ಬರನ್ನು ಮುಗಿಸಿ ತಾನೂ ಮುಗಿದ. ಉಳಿದವರು ಇಬ್ಬರೇ. ನಮ್ಮ ಕಡೆ ಕಾಕಾನ ಮಗ, ಅವರ ಕಡೆ ಲಿಂಬೆಹಣ್ಣು ಇಟ್ಟ ಆ ಕುಶಾಲಿನವನು. ಇಪ್ಪತ್ತು ಜನ ಉಸಿರು ಹಿಡಿದು ನಿಂತಿದ್ದಾರೆ. ನನ್ನ ತಮ್ಮ ಒಂದು ಪೆಟ್ಟಿಗೆಯ ಮರೆಗೆ ಕೂತು ಅಗಸಿಯ ಕಡೆ ಬಂದೂಕು ಹಿಡಿದಿದ್ದಾನೆ. ಸತ್ತವನಾದ ನನಗೆ ಎಲ್ಲ ಕಾಣುತ್ತಿದೆ. ಇಂಡಿಯವನು ಅಗಸಿಯಿಂದ ಬರಲೇ ಇಲ್ಲ. ಸಂದಿ ಹಿಡಿದು, ಸುತ್ತಿ, ಬಂದೂಕು ಒಳಗಿಟ್ಟು ಚೂರಿ ತೆಗೆದು, ನನ್ನ ತಮ್ಮನ ಬೆನ್ನಿಗೆ ಬರುತ್ತಿದ್ದಾನೆ. ಚೂರಿಯಿಂದ ಹೊಡೆಯುವುದೆಂದರೆ ನಮ್ಮಲ್ಲಿ ಮೂಗು ಕೊಯ್ದಂಥ ಅಪಮಾನ. ಐದು ಹೆಜ್ಜೆ. ನಾಲ್ಕು. ಮೂರು.

"ತಮ್ಮಾ, ಹಿಂದ!"

ನನ್ನ ಧ್ವನಿಯೇ. ಕೋಣೆಯ ಗೋಡೆಗಳು ಅದುರುವ ಹಾಗೆ.

ಅವನು ತಿರುಗಲಿಲ್ಲ. ಮೌಸ್ ಮೇಲಿದ್ದ ಅವನ ಕೈ ಸಡಿಲಾಗಿ ಮೇಜಿನ ಮೇಲೆ ಬಿತ್ತು. ಇಂಡಿಯವನೂ ಬೆಚ್ಚಿಬಿದ್ದು ಚೂರಿ ಎತ್ತಿಕೊಂಡೇ ನಿಂತ. ಒಂದು ಗಳಿಗೆ ಯಾರೂ ಯಾರನ್ನೂ ಹೊಡೆಯಲಿಲ್ಲ. ಆಮೇಲೆ ನಮ್ಮ ಸರ್ ಅವರೇ ಮುಂದೆ ಬಂದರು. ಮುಖ ಕೆಂಪಗಾಗಿತ್ತು, ಆದರೂ ಕಾನೂನು ಮಾಡಿದವರು ಅವರೇ ಅಲ್ಲವೇ. "ಸತ್ತಾಂವ ಮಾತಾಡ್ಯಾನ. ಆಟ ಇಂಡಿಯವ್ರದು" ಅಂದರು. ಇಂಡಿಯ ಹುಡುಗರು ಕುಣಿದಾಡಿದರು, ಒಬ್ಬನ ತಲೆಯ ಮೇಲೊಬ್ಬ ಲಿಂಬೆಹಣ್ಣು ಹಿಂಡಿಕೊಂಡರು. ನಾನು ನೆಲ ನೋಡುತ್ತ ಕೂತೆ. ಆಗ ಪಕ್ಕದಲ್ಲಿ ಕುರ್ಚಿ ಕಿರುಗುಟ್ಟಿತು. ಅವನು ಟೇಲರ್ ಮಗನನ್ನು ಆಚೆ ನೂಕಿ, ನನ್ನ ಮುಖಕ್ಕೆ ಮುಖ ಕೊಟ್ಟು ಒದರಿದ:

"ಏ ಹುಚ್ಚ, ಯಾಕ ಒದರಿದಿ? ಗೆಲ್ಲತಿದ್ವಲ್ಲೋ!"

ಎರಡು ವರ್ಷದ ಮೇಲೆ ಅವನು ನನಗೆ ಆಡಿದ ಮೊದಲ ಮಾತು ಅದು. ನನ್ನ ಕಣ್ಣು ತುಂಬಿ ಬಂದವು. ಆದರೆ ಬಾಯಿ ಕೇಳಬೇಕಲ್ಲ. "ಏನ ಗೆಲ್ಲತಿದ್ದಿ? ಬೆನ್ನಾಗ ಚೂರಿ ಬೀಳ್ತಿತ್ತು, ಕುಡ್ಡ!" ಅಂದೆ.

ಅಲ್ಲಿಂದ ಹಚ್ಚಿದ ಜಗಳ ನಿಲ್ಲಲಿಲ್ಲ. ಮುದ್ದೇಬಿಹಾಳದ ಸ್ಟ್ಯಾಂಡಿನಲ್ಲಿ ಬೈದಾಡಿದೆವು, ಬಸ್ಸು ಹತ್ತಿ ಒಂದೇ ಸೀಟಿನಲ್ಲಿ ಕೂತು ಬೈದಾಡಿದೆವು. ಎರಡು ವರ್ಷದ ಬಾಕಿಯಷ್ಟನ್ನೂ ಬಡ್ಡಿ ಸಮೇತ ಬೈದಾಡಿದೆವು. ಹೂವಿನ ಹಿಪ್ಪರಗಿ ಹತ್ತಿರ ಬಂದಾಗ ಕಂಡಕ್ಟರ್ ಬಂದು, "ಸಾಕ ಮಾಡ್ರಪಾ, ಮಂದಿ ಎಲ್ಲ ನಿಮ್ಮನ್ನ ನೋಡಾಕತ್ತಾರ" ಅಂದ. ಹಿಂದಿನ ಸೀಟಿನಿಂದ ನಮ್ಮ ಸರ್, "ಬಿಡ್ರಿ ಕಂಡಕ್ಟರ್ ಸಾಹೇಬ್ರ, ಬಯ್ಯಲಿ. ಕಪ್ಪ ಹೋತು, ಇದಾದ್ರೂ ಉಳೀಲಿ" ಅಂದರು. ಟೇಲರ್ ಮಗ ನಿದ್ದೆಹೋಗಿದ್ದ. ತಿಂಗಳಾದ ಮೇಲೆ ಅವನ ಬಾಯಿಗೆ ಅಂದು ರಜೆ.

ಬಯ್ಯುವುದು ತೀರಿ ಸ್ವಲ್ಪ ಹೊತ್ತು ಇಬ್ಬರೂ ಕಿಟಕಿಯ ಹೊರಗೆ ತೊಗರಿಯ ಹೊಲ ನೋಡಿದೆವು. ಅವನೇ ಮೆಲ್ಲಗೆ ಹೇಳಿದ. "ಅವಾ ಹಿಂದ ಬಂದ ಸಪ್ಪಳ ನನಗ ಕೇಳಿತ್ತು. ಹೆಡ್‌ಫೋನ್‌ದಾಗ ಹೆಜ್ಜಿ ಕೇಳ್ತಾವ. ಇನ್ನೊಂದ ಹೆಜ್ಜಿಗೆ ತಿರುಗಿ ಹೊಡೀತಿದ್ದೆ."

"ಮತ್ತ ಯಾಕ ಹೊಡೀಲಿಲ್ಲ?"

"ನೀ ತಮ್ಮಾ ಅಂದಿ. ಕೈ ಓಡಲಿಲ್ಲ."

"ಗ್ವಾಡಿ ಕಟ್ಟಿದ ದಿನ ನಾ ಅಂದದ್ದು ತಪ್ಪಾತು. ಭಾಳ ತಪ್ಪಾತು" ಅಂದೆ. ಅವನು ಇನ್ನೊಂದು ಊರು ದಾಟಿದ ಮೇಲೆ, "ದೊಡ್ಡವ್ವ ಹೆಂಗದಾಳ?" ಎಂದು ಕೇಳಿದ. ನಮ್ಮವ್ವನ ಧ್ವನಿಯನ್ನು ಅವನು ದಿನವೂ ಗೋಡೆಯಾಚೆಯಿಂದ ಕೇಳುತ್ತಿದ್ದ. ಆದರೆ ಹೇಗಿದ್ದಾಳೆ ಎಂದು ಕೇಳಲು ಅವನಿಗೆ ದಾರಿ ಇರಲಿಲ್ಲ.

"ನನಗೇನ ಕೇಳ್ತಿ? ನೀನ ಬಂದ ಕೇಳು" ಅಂದೆ.

ಸಿಂದಗಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅವನು ತನ್ನ ಬಾಗಿಲು ದಾಟಿ ನಮ್ಮ ಬಾಗಿಲ ತನಕ ಬಂದ, ಹೊಸ್ತಿಲಲ್ಲಿ ನಿಂತುಬಿಟ್ಟ. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಅಪ್ಪ ತಾಟಿನ ಮುಂದೆ ಕೂತಿದ್ದರು. ರೊಟ್ಟಿಯ ಸಪ್ಪಳ ಒಂದು ಕ್ಷಣ ನಿಂತಿತು. ಅವ್ವ ಅವನನ್ನು ನೋಡಿದಳು. ಬೆಳಿಗ್ಗೆ ಹೊರಗೆ ಹೋದವನು ಸಂಜೆ ಬಂದನೇನೋ ಅನ್ನುವಂತೆ, "ಕಾಲ ತೊಕ್ಕೊಂಡ ಬಾ, ರೊಟ್ಟಿ ಆರಾಕತ್ತಾವ" ಅಂದಳು. ಆಮೇಲೆ ಹಿಟ್ಟನ್ನು ಎರಡರಷ್ಟು ಜೋರಾಗಿ ಬಡಿದಳು.

ಅವನು ಬಂದು ನನ್ನ ಪಕ್ಕದಲ್ಲಿ ಕೂತ. ಅಪ್ಪ ತಲೆಯೆತ್ತಲಿಲ್ಲ. ಇವರು ಏನಾದರೂ ಅಂದರೆ ಹುಡುಗ ಎದ್ದು ಹೋಗುತ್ತಾನೆ, ಮತ್ತೆ ಬರುವುದಿಲ್ಲ. ಅಪ್ಪ ಒಂದು ತುತ್ತು ನುಂಗಿದರು, ನೀರು ಕುಡಿದರು. ಆಮೇಲೆ ನನ್ನನ್ನಲ್ಲ, ಅವನನ್ನು ನೋಡಿ ಕೇಳಿದರು, "ಎಲ್ಲೋ ಪಂದ್ಯಕ್ಕ ಹೋಗಿದ್ರಂತ. ಗೆದ್ರೇನು?"

"ಇಲ್ರಿ ದೊಡ್ಡಪ್ಪ. ಸೋತ್ವಿ."

"ಯಾರ ಸಂಬಂಧ?"

ಇಡೀ ಹಾದಿ ನನ್ನನ್ನು ಬೈದುಕೊಂಡು ಬಂದವನು ಅವನು. ಹುಚ್ಚ, ಬಾಯಿಬಡುಕ, ಕೆಲಸ ಕೆಡಿಸಿದವನು ಎಂದು ಇಡೀ ಬಸ್ಸಿಗೆ ಸಾರಿದವನು. ನಾನು ತಲೆ ತಗ್ಗಿಸಿ ಕಾದೆ. ಅವನು ರೊಟ್ಟಿ ಮುರಿಯುತ್ತ, ನನ್ನ ಕಡೆ ನೋಡದೆ, ಸಲೀಸಾಗಿ ಹೇಳಿದ:

"ನನ್ನ ಸಂಬಂಧ್ರಿ ದೊಡ್ಡಪ್ಪ. ಅಣ್ಣ ಹೇಳಿದ್ದ, ನಾನ ಹಿಂದ ತಿರುಗಿ ನೋಡ್ಲಿಲ್ಲ."

ಅಪ್ಪ ಕಾರಬ್ಯಾಳಿಯ ಪಾತ್ರೆಯನ್ನು ಅವನ ಕಡೆ ಸರಿಸಿದರು.